ಬೀಸುವ ಕಲ್ಲಿಗೆ ದೀಪ ಹಚ್ಚಿ ಇಟ್ಟದ್ದೇಕೆ?

ಪ್ರಶ್ನೆ: ನಾನು ಇಳಕಲ್ಲಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ಹೋದ ತಿಂಗಳು ಬೆಳಗಾವಿಯಲ್ಲಿ ಒಂದು ಶಿಲ್ಪ ಪ್ರದರ್ಶನಕ್ಕೆ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ. ಒಂದು ಕೋಣೆಯಲ್ಲಿ ಹಳೆಯ ಬೀಸುವ ಕಲ್ಲನ್ನಿಟ್ಟು, ಅದರ ಬಾಯಿಂದ ಹಳೆಯ ಸೀರೆಗಳನ್ನು ಹೊಸೆದು ಮಾಡಿದ ಹಗ್ಗವನ್ನು ಹೊರಡಿಸಿ ಸೂರಿನವರೆಗೆ ಎಳೆದು ಕಟ್ಟಿದ್ದರು. ಇನ್ನೊಂದು ಕೋಣೆಯಲ್ಲಿ ಸುಟ್ಟ ಮಣ್ಣಿನ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಅವಳ ಹೊಟ್ಟೆಯಿಂದ ಬೇರುಗಳು ನೆಲಕ್ಕಿಳಿದಿದ್ದವು. ಅತ್ತೆಯವರು ಬೀಸುವ ಕಲ್ಲಿನ ಮುಂದೆ ಬಹಳ ಹೊತ್ತು ನಿಂತು, ‘ಇದನ್ನ ನಾ ಮೂವತ್ತ ವರ್ಷ ಬೀಸೀನಿ. ಆವಾಗ ಯಾರೂ ಹೊಳ್ಳಿ ನೋಡಲಿಲ್ಲ. ಈಗ್ಯಾಕ ಇದಕ್ಕ ದೀಪಾ ಹಚ್ಚಿ ಇಟ್ಟಾರ?’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಇದು ಶಿಲ್ಪ ಹೇಗಾಗುತ್ತದೆ? ಹೆಣ್ಣನ್ನು ಭೂಮಿಗೆ ಹೋಲಿಸುವ ಹಳೆಯ ಮಾತನ್ನೇ ಇವರೂ ಆಡುತ್ತಿಲ್ಲವೇ? ಹಾಗಾದರೆ ಅತ್ತೆಯವರು ಹೊಲಿದ ಕೌದಿಯನ್ನು ಗೋಡೆಗೆ ತೂಗುಹಾಕಿದರೆ ಅದೂ ಶಿಲ್ಪವೇ?

ಉತ್ತರ: ಉತ್ತರ ಹೊಳೆಯಲಿಲ್ಲವೆಂದು ಬೇಸರಪಡಬೇಡಿ. ಬಾಗಲಕೋಟೆಯಲ್ಲಿ ಕುಳಿತು ಮೂರು ದಶಕ ಮಣ್ಣು, ಕಲ್ಲುಗಳ ಪಾಠ ಹೇಳಿದ ನನಗೂ ನಿಮ್ಮ ಪತ್ರ ಓದಿದ ಮೇಲೆ ಎರಡು ದಿನ ಬೇಕಾಯಿತು. ನಿಮ್ಮ ಅತ್ತೆಯವರ ಆ ಒಂದು ಮಾತಿನಲ್ಲಿ ಎರಡು ಪ್ರಶ್ನೆಗಳಿವೆ. ಬೀಸಿದವಳನ್ನು ಯಾರೂ ನೋಡಲಿಲ್ಲ ಎಂಬುದು ಒಂದು. ಬೀಸುವ ಕಲ್ಲನ್ನು ಈಗ ಏಕೆ ನೋಡುತ್ತಿದ್ದಾರೆ ಎಂಬುದು ಇನ್ನೊಂದು. ಇವೆರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲಾರದ ಶಿಲ್ಪ, ಅದೆಷ್ಟೇ ದೊಡ್ಡ ಸಭಾಂಗಣದಲ್ಲಿ ನಿಂತಿದ್ದರೂ, ನಿಮ್ಮ ಅತ್ತೆಯವರ ಎದುರು ಸೋತಂತೆಯೇ.

ಮೊದಲನೆಯದನ್ನು ನೋಡೋಣ. ಮನೆಗೆಲಸದ ಸ್ವಭಾವವೇ ಗುರುತುಳಿಸದೆ ಹೋಗುವುದು. ಬೆಳಗ್ಗೆ ಬಡಿದ ರೊಟ್ಟಿ ರಾತ್ರಿಯೊಳಗೆ ಮುಗಿಯುತ್ತದೆ, ಸಾರಿಸಿದ ನೆಲದ ಮೇಲೆ ಮಧ್ಯಾಹ್ನಕ್ಕೆಲ್ಲ ಹೆಜ್ಜೆಗಳು ಮೂಡುತ್ತವೆ, ಒಗೆದ ಅರಿವೆ ಮತ್ತೆ ಮೈಲಿಗೆಯಾಗುತ್ತದೆ. ಶಿಲ್ಪವೋ ಉಳಿಯುವುದಕ್ಕೆಂದೇ ಹುಟ್ಟಿದ ಕಲೆ. ಬಾದಾಮಿಯ ಮೂರನೆಯ ಗುಹೆಯನ್ನು ಕ್ರಿ.ಶ. 578ರಲ್ಲಿ ಚಾಲುಕ್ಯರ ಮಂಗಳೇಶ ಪೂರ್ಣಗೊಳಿಸಿದ ಸಂಗತಿ ಅಲ್ಲಿನ ಶಾಸನದಲ್ಲಿಯೇ ಇದೆ. ಅಲ್ಲಿಯ ಕಂಬಗಳ ಬೋದಿಗೆಗಳಲ್ಲಿ, ಅಂದರೆ ಕಂಬದ ತಲೆಯಲ್ಲಿ ತೊಲೆಗೆ ಆಸರೆಯಾಗುವ ಚಾಚುಗಳಲ್ಲಿ, ಮರದ ಕೆಳಗೆ ನಿಂತ, ಸಂಗಾತಿಯ ಹೆಗಲಿಗೆ ಒರಗಿದ ಹೆಣ್ಣುಗಳು ಹದಿನಾಲ್ಕು ಶತಮಾನಗಳಿಂದ ಹಾಗೆಯೇ ಇದ್ದಾರೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗಲೆಲ್ಲ ಆ ಬೋದಿಗೆಗಳನ್ನು ಕತ್ತೆತ್ತಿ ನೋಡಿದ್ದೇನೆ. ಅವರಲ್ಲಿ ಬೀಸುವವಳು, ಕುಟ್ಟುವವಳು, ನೀರು ಹೊತ್ತವಳು ನನಗೆ ಸಿಕ್ಕಿಲ್ಲ. ಅವರ ಸೊಂಟದ ಬಳುಕನ್ನು ಕಲ್ಲಿಗೆ ತಂದವರಿಗೆ, ಅಂದು ಸಂಜೆ ತಮಗೆ ಉಣಬಡಿಸಿದವಳ ಬೆನ್ನಿನ ಬಾಗು ಶಿಲ್ಪಕ್ಕೆ ತಕ್ಕ ವಸ್ತುವೆಂದು ತೋರಿರಲಿಕ್ಕಿಲ್ಲ.

ಹಾಗೆಂದು ನಮ್ಮ ಕಡೆಯ ಹೆಣ್ಣುಮಕ್ಕಳು ಆಕೃತಿಗಳನ್ನೇ ಮಾಡಲಿಲ್ಲವೆನ್ನಲಾಗದು. ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಆಷಾಢ ಬಂದರೆ ಮಂಗಳವಾರಗಳಂದು ಪೂಜೆಗೆ ಮಣ್ಣಿನ ಗುಳ್ಳವ್ವನನ್ನು ಮಾಡುವುದು ನಿಮಗೂ ಗೊತ್ತಿರಬೇಕು. ನಮ್ಮ ಮನೆಯಲ್ಲಿ ಅಕ್ಕ ಮಾಡುತ್ತಿದ್ದ ಗುಳ್ಳವ್ವ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಹದಮಾಡಿದ ಮಣ್ಣನ್ನು ಅಂಗೈಯಲ್ಲಿ ಉರುಳಿಸಿ ಮೊದಲು ಒಂದು ಪೀಠ, ಅದರ ಮೇಲೆ ಗೋಪುರದಂತೆ ಏರುವ ಮೈ, ಕೈಗಳಿಗೆ ಎರಡು ಚಿಕ್ಕ ಸುರುಳಿ. ಮಣ್ಣು ಹಸಿಯಿರುವಾಗಲೇ ಕೆಂಪು ಗುಲಗಂಜಿಗಳನ್ನು ಒಂದೊಂದಾಗಿ ಒತ್ತಿ ಕಣ್ಣು ಮಾಡಬೇಕು, ಬಿಳಿಯ ಕುಸುಬಿ ಕಾಳುಗಳನ್ನು ಸಾಲಾಗಿ ಚುಚ್ಚಿ ಕೊರಳ ಸರ ಮಾಡಬೇಕು. ತಡವಾದರೆ ಕಾಳು ಒಳಗಿಳಿಯದೆ ಮಣ್ಣು ಸೀಳುತ್ತದೆ, ಅವಸರವಾದರೆ ಕಾಳು ಮುಳುಗಿಯೇ ಹೋಗುತ್ತದೆ. ಆ ಹದವನ್ನು ನಾನು ಮುಂದೆ ಕಲಾಶಾಲೆಯಲ್ಲಿ ದುಡ್ಡು ಕೊಟ್ಟು ಕಲಿತೆ. ಅಕ್ಕ ಏಳನೆಯ ವರ್ಷಕ್ಕೇ ಕಲಿತಿದ್ದಳು. ಆರತಿ ಮಾಡಿ, ಹಾಡಿ, ಕೊನೆಯ ವಾರ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಉಂಡು ಬಂದರೆ ಗುಳ್ಳವ್ವನ ಕೆಲಸ ಮುಗಿಯಿತು, ಅವಳು ಮತ್ತೆ ಮಣ್ಣಾದಳು. ಭಾದ್ರಪದದಲ್ಲಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತರುವ ಮಣ್ಣಿನ ಜೋಕುಮಾರನ ಆಯುಷ್ಯವೂ ಏಳೇ ದಿನ. ಮನೆಯ ಶಿಲ್ಪ ಹೀಗೆ ಹುಟ್ಟಿ ಹೀಗೆ ಕರಗುತ್ತಿದ್ದುದರಿಂದ ಯಾವ ಸಂಗ್ರಹಾಲಯಕ್ಕೂ ಅದು ಹೋಗಲಿಲ್ಲ.

ಇತ್ತ ಉಳಿಯುವ ಶಿಲ್ಪದ ಉಳಿ-ಸುತ್ತಿಗೆಗಳು ತಂದೆಯಿಂದ ಮಗನಿಗೆ ಸಾಗುತ್ತ ಬಂದವು. ತಿರುಮಕೂಡಲು ನರಸೀಪುರದ ಕನಕಾ ಮೂರ್ತಿಯವರು (1942–2021) ಶಿಲ್ಪಿ ದೇವಲಕುಂದ ವಾದಿರಾಜರಲ್ಲಿ ಕಲಿತು ಕಲ್ಲಿನಲ್ಲಿಯೇ ಬದುಕು ಕಟ್ಟಿಕೊಂಡದ್ದು, ಶಿಲ್ಪಿಗಳಿಗೆ ರಾಜ್ಯ ಸರ್ಕಾರ ಕೊಡುವ ಜಕಣಾಚಾರಿ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದದ್ದು ಚಿಕ್ಕ ಸಂಗತಿಯಲ್ಲ. ಆದರೆ ಅವರು ಕೆತ್ತಿದ್ದು ಪರಂಪರೆಯ ದೇವತೆಗಳನ್ನು, ಗಣ್ಯರ ಮುಖಗಳನ್ನು. ಅಡುಗೆಮನೆಯನ್ನು ಶಿಲ್ಪದ ಒಳಗೆ ತಂದ ದಾರಿ ಬೇರೆ.

ಆ ದಾರಿಗೆ ಬರುವ ಮುನ್ನ ನಿಮ್ಮ ‘ಇದು ಶಿಲ್ಪ ಹೇಗಾಗುತ್ತದೆ’ ಎಂಬ ಪ್ರಶ್ನೆ. 1917ರಲ್ಲಿ ಫ್ರೆಂಚ್ ಕಲಾವಿದ ಮಾರ್ಸೆಲ್ ದ್ಯುಶಾಂ ಅಂಗಡಿಯಲ್ಲಿ ಕೊಂಡ ಮೂತ್ರದ ತೊಟ್ಟಿಯೊಂದನ್ನು ನ್ಯೂಯಾರ್ಕಿನ ಪ್ರದರ್ಶನಕ್ಕೆ ಕಳುಹಿಸಿದಂದಿನಿಂದ, ಕಲಾವಿದ ಆರಿಸಿ ಇಟ್ಟದ್ದೆಲ್ಲ ಕಲೆಯಾಗಬಲ್ಲದು ಎಂಬ ವಾದ ಚಾಲ್ತಿಯಲ್ಲಿದೆ. ಆ ವಾದ ನಿಮ್ಮ ಅತ್ತೆಯವರನ್ನು ಒಪ್ಪಿಸದು, ನನ್ನನ್ನೂ ಪೂರ್ತಿ ಒಪ್ಪಿಸಿಲ್ಲ. ನಾನು ಬಳಸುವ ಒರೆಗಲ್ಲು ಸರಳವಾದದ್ದು: ಮನೆಯಲ್ಲಿ ಆ ವಸ್ತು ಏನು ಮಾಡುತ್ತಿತ್ತೋ ಅದಕ್ಕಿಂತ ಹೆಚ್ಚಿನದನ್ನು ಶಿಲ್ಪಿ ಅದರಿಂದ ಮಾಡಿಸಿದ್ದಾಳೆಯೇ? ಮತ್ತು ಹಾಗೆ ಮಾಡಿಸುವಾಗ ಅದನ್ನು ಮೊದಲು ಮುಟ್ಟಿದ ಕೈಯನ್ನು ಮರೆತಿದ್ದಾಳೆಯೇ, ನೆನಪಿಟ್ಟಿದ್ದಾಳೆಯೇ?

ಶೀಲಾ ಗೌಡರ ಕೃತಿಯೊಂದನ್ನು ಈ ಒರೆಗೆ ಹಚ್ಚಿ ನೋಡಿ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆ, ಬಡೋದಾ, ಶಾಂತಿನಿಕೇತನ, ಲಂಡನ್ನುಗಳಲ್ಲಿ ಚಿತ್ರಕಲೆ ಕಲಿತ ಇವರು 1990ರ ದಶಕದ ಆರಂಭದಲ್ಲಿ ಬಣ್ಣವನ್ನು ಬದಿಗಿಟ್ಟು ಆಕಳ ಸೆಗಣಿಯನ್ನು ಕೈಗೆತ್ತಿಕೊಂಡರು. ನಾವು ಹೆಂಡಿಯೆನ್ನುವ ಆ ವಸ್ತು ಹೆಣ್ಣುಮಕ್ಕಳ ಕೈಗೆ ಎಷ್ಟು ಪರಿಚಿತವೆಂದರೆ, ಕುಳ್ಳು ತಟ್ಟಿದವಳ ಐದು ಬೆರಳಿನ ಗುರುತು ಗೋಡೆಯ ಮೇಲಿನ ಪ್ರತಿಯೊಂದು ಕುಳ್ಳಿನಲ್ಲಿಯೂ ಇರುತ್ತದೆ. ಪೂಜೆಗೂ ಬರುವ, ಒಲೆಗೂ ಬರುವ ಆ ವಸ್ತುವಿನ ಎರಡೂ ಗುಣಗಳನ್ನು ಅವರು ಬಿಟ್ಟುಕೊಡಲಿಲ್ಲ. ಅನಂತರ 1998ರಲ್ಲಿ ‘ಅವನಿಗೆ ನನ್ನ ನೋವನ್ನು ಹೇಳು’ ಎಂಬರ್ಥದ ಇಂಗ್ಲಿಷ್ ಹೆಸರಿನ ಕೃತಿ ಬಂತು. ಸೂಜಿಗಳಿಗೆ ಪೋಣಿಸಿದ ಉದ್ದುದ್ದನೆಯ ದಾರಗಳನ್ನು ಕೂಡಿಸಿ, ಅಂಟು ಮತ್ತು ಕುಂಕುಮ ಬಳಿದು ಹಗ್ಗವಾಗಿಸಿ, ಆ ಕೆಂಪು ಹಗ್ಗವನ್ನು ಇಡೀ ಕೋಣೆಯ ಗೋಡೆ, ನೆಲಗಳ ಮೇಲೆ ಸುತ್ತಿ ಇಳಿಬಿಟ್ಟಿದ್ದಾರೆ. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಜೋತಿವೆ. ದೂರದಿಂದ ನೋಡಿದವರಿಗೆ ಗಾಳಿಯಲ್ಲಿ ಎಳೆದ ರೇಖೆಯೊಂದು ಕಾಣುತ್ತದೆ. ಹತ್ತಿರ ಬಂದರೆ ಅದು ಕರುಳು, ಹೊಕ್ಕುಳಬಳ್ಳಿ. ಇನ್ನೂ ಹತ್ತಿರ ಬಂದರೆ ಒಂದೊಂದು ಎಳೆಯೂ ಒಂದು ಸೂಜಿಯ ಕಣ್ಣನ್ನು ದಾಟಿ ಬಂದಿದೆ ಎಂಬುದು ಅರಿವಿಗೆ ಬರುತ್ತದೆ, ಅಲ್ಲಿಗೆ ಉಸಿರು ಸ್ವಲ್ಪ ಹಿಡಿದಂತಾಗುತ್ತದೆ. ಅಲ್ಲಿ ಹೆಣ್ಣಿನ ಆಕೃತಿಯಿಲ್ಲ, ಮುಖವಿಲ್ಲ, ಕಣ್ಣೀರಿಲ್ಲ. ಹೊಲಿಗೆಗೆ ಕುಳಿತವಳು ದಾರ ಎಳೆದ ಹೊತ್ತು ಮಾತ್ರ ಇದೆ. ಆ ಹೊತ್ತನ್ನು ಅಳೆಯಬಹುದಾದ ಉದ್ದವಾಗಿ ಮಾಡಿಟ್ಟಿದ್ದಾರೆ. ಸಂಜೆಯೊಳಗೆ ಅಳಿಸಿಹೋಗುವ ಮನೆಗೆಲಸ ನಿಂತು ಕಾಣಿಸಿಕೊಂಡದ್ದು ಹೀಗೆ.

2009ರ ವೆನಿಸ್ ಬಿನಾಲೆಯೆಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ತೋರಿಸಿದ ‘ಬಿಹೋಲ್ಡ್’ ಕೃತಿಯಲ್ಲಿ ಇದೇ ಶೀಲಾ ಗೌಡರು ಮನುಷ್ಯರ ತಲೆಗೂದಲಿನಿಂದ ಹೊಸೆದ ಹಗ್ಗಗಳಲ್ಲಿ ಕಾರುಗಳ ಉಕ್ಕಿನ ಬಂಪರುಗಳನ್ನು ತೂಗುಬಿಟ್ಟಿದ್ದರು. ದೃಷ್ಟಿಯಾಗದಿರಲೆಂದು ಗಾಡಿಗೆ ಕಟ್ಟುವ ಕೂದಲ ಹಗ್ಗವೇ ಅದರ ಮೂಲ. ಕೂದಲು ಉಕ್ಕನ್ನು ಹೊತ್ತು ನಿಲ್ಲಬಲ್ಲದೆಂದು ಮನೆಯಲ್ಲಿ ನಮಗೆ ಯಾರು ತೋರಿಸಿಕೊಟ್ಟಿದ್ದರು?

ಈಗ ಹಗ್ಗದಲ್ಲಿ ಶಿಲ್ಪ ಮಾಡಿದ ಮೃಣಾಲಿನಿ ಮುಖರ್ಜಿಯವರ ವಿಷಯಕ್ಕೆ ಬರುತ್ತೇನೆ. ಅವರ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತವಿದೆ. ನಿಮ್ಮ ಅತ್ತೆಯವರ ಕಾಲದ ಮನೆಗಳಲ್ಲಿ ಹಾಲು, ಮೊಸರಿನ ಗಡಿಗೆಗಳನ್ನು ಬೆಕ್ಕಿಗೆ ಎಟುಕದಂತೆ ಜಂತಿಗೆ ತೂಗುಹಾಕುತ್ತಿದ್ದ ನೆಲವು ಇರುತ್ತಿತ್ತು. ಹಗ್ಗದ ಆ ಬಲೆಯನ್ನು ಬಿಡಿಸಿ ನೆಲಕ್ಕೆ ಹಾಕಿದರೆ ಒಂದು ಮುದ್ದೆ. ತೂಗುಬಿಟ್ಟು ಗಡಿಗೆ ಇಟ್ಟರೆ ಅದಕ್ಕೊಂದು ಹೊಟ್ಟೆ, ಒಂದು ಸೊಂಟ. ಗಂಟು ಮತ್ತು ಭಾರ ಇವೆರಡೇ ಅದರ ಆಕಾರವನ್ನು ನಿರ್ಧರಿಸುತ್ತವೆ. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಮೃಣಾಲಿನಿಯವರ ತಂದೆ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ, ತಾಯಿ ಶಿಲ್ಪಿ ಲೀಲಾ ಮುಖರ್ಜಿ. ಬಡೋದಾದಲ್ಲಿ ಕಲಾವಿದ ಕೆ.ಜಿ. ಸುಬ್ರಮಣ್ಯನ್ನರ ಶಿಷ್ಯೆಯಾಗಿದ್ದ ಇವರು 1970ರ ದಶಕದಿಂದ ನಾರಿನ ಹಗ್ಗವನ್ನು ಮಗ್ಗವಿಲ್ಲದೆ, ಮುಂಚಿತವಾಗಿ ರೇಖಾಚಿತ್ರ ಬರೆದುಕೊಳ್ಳದೆ, ಬರಿಗೈಯಿಂದ ಗಂಟು ಹಾಕುತ್ತ ಆಳೆತ್ತರಕ್ಕೂ ಮೀರಿದ ಆಕೃತಿಗಳನ್ನು ಬೆಳೆಸಿದರು. ‘ಯಕ್ಷಿ’, ‘ರುದ್ರ’, ‘ವನರಾಜ’ ಎಂದು ಅವುಗಳ ಹೆಸರು. ಮುಂದೆ ನಿಂತು ನೋಡಿದರೆ ಇದು ದೇವತೆಯ ಮಡಿಲೋ, ಬಾಳೆಯ ಹೂವೋ, ಹೆಣ್ಣಿನ ಗುಹ್ಯಾಂಗವೋ, ಅರಳುತ್ತಿರುವ ಎಲೆಯೋ ಎಂದು ತೀರ್ಮಾನಿಸಲಾಗದು, ಮತ್ತು ಆ ಸಂದೇಹವೇ ಅವುಗಳ ಜೀವ. ಇದನ್ನು ಶಿಲ್ಪವೆನ್ನಬೇಕೋ ಕರಕುಶಲವೆನ್ನಬೇಕೋ ಎಂದು ವಿಮರ್ಶಕರು ಬಹಳ ಕಾಲ ಚರ್ಚಿಸುತ್ತ ಕುಳಿತರು. ಹಗ್ಗ, ಗಂಟು, ದಾರ ಎಂದರೆ ಹೆಂಗಸರ ಕೆಲಸ, ಕಂಚು, ಕಲ್ಲು ಎಂದರೆ ಕಲೆ ಎಂಬ ಮೇಲುಕೀಳಿನ ಲೆಕ್ಕ ಅವರ ತಲೆಯಲ್ಲಿತ್ತು. ಮುಂದೆ ಮೃಣಾಲಿನಿಯವರು ಕಂಚಿನಲ್ಲಿಯೂ ಕೆಲಸ ಮಾಡಿ ತಾಳೆಗರಿಗಳನ್ನು ಎರಕ ಹೊಯ್ದರು. 2015ರಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯದಲ್ಲಿ ಅವರ ಜೀವಮಾನದ ಕೃತಿಗಳ ಪ್ರದರ್ಶನ ತೆರೆದ ಕೆಲವೇ ದಿನಗಳಲ್ಲಿ ತೀರಿಕೊಂಡರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ ಅವರನ್ನು ದೊಡ್ಡದಾಗಿ ತೋರಿಸಿದ್ದು 2019ರಲ್ಲಿ.

ಹೊರದೇಶದವರಲ್ಲಿ ಒಬ್ಬರನ್ನಷ್ಟೇ ಹೆಸರಿಸುತ್ತೇನೆ. ಪ್ಯಾರಿಸ್ಸಿನಲ್ಲಿ ಹುಟ್ಟಿದ ಲೂಯಿಸ್ ಬೂರ್ಜ್ವಾ (1911–2010) ಅವರ ಮನೆಯವರು ಹಳೆಯ ಚಿತ್ರನೇಯ್ಗೆಯ ಪರದೆಗಳನ್ನು ರಿಪೇರಿ ಮಾಡುತ್ತಿದ್ದರು, ತಾಯಿ ಆ ಕೆಲಸದಲ್ಲಿ ನುರಿತವರು. ಆ ತಾಯಿಯ ನೆನಪಿಗೆ ಮಗಳು 1999ರಲ್ಲಿ ಮಾಡಿದ್ದು ಸುಮಾರು 30 ಅಡಿ ಎತ್ತರದ ಉಕ್ಕಿನ ಜೇಡ, ಹೊಟ್ಟೆಯ ಚೀಲದಲ್ಲಿ ಅಮೃತಶಿಲೆಯ ಮೊಟ್ಟೆಗಳು; ಹೆಸರು ‘ಮಮಾನ್’, ಎಂದರೆ ಅಮ್ಮ. ಹರಿದುದನ್ನು ಮತ್ತೆ ಮತ್ತೆ ನೇಯುವವಳು ಎಂಬ ಅರ್ಥದಲ್ಲಿ ಜೇಡ. ಅದರ ಕಾಲುಗಳ ನಡುವೆ ನಿಂತವರಿಗೆ ರಕ್ಷಣೆಯೂ ಭಯವೂ ಒಟ್ಟಿಗೆ ಆಗುತ್ತವೆಯಂತೆ. ಅಮ್ಮಂದಿರ ವಿಷಯದಲ್ಲಿ ಇದು ಸುಳ್ಳೆನ್ನಲು ನನ್ನಿಂದಾಗದು.

ಇದಕ್ಕೆದುರಾಗಿ ಒಂದು ಮಾತು. ಕಲಾವಿದ ಸುಬೋಧ್ ಗುಪ್ತಾ ಅವರು 2006ರಲ್ಲಿ ಸ್ಟೀಲ್ ಪಾತ್ರೆಗಳನ್ನು ಒಟ್ಟಿ ಮಾಡಿದ ದೈತ್ಯ ತಲೆಬುರುಡೆ ಜಗತ್ತಿನಾದ್ಯಂತ ಹೆಸರಾಯಿತು. ಭವ್ಯವಾದ ಕೃತಿಯೇ ಹೌದು. ಆದರೆ ಆ ಪಾತ್ರೆಗಳೆಲ್ಲ ಅಂಗಡಿಯ ಹೊಳಪಿನವು. ತಳ ಹತ್ತಿದ ಒಂದು ಬೋಗುಣಿಯೂ ಅಲ್ಲಿಲ್ಲ, ತಿಕ್ಕಿ ತಿಕ್ಕಿ ಸವೆದ ಅಂಚೂ ಇಲ್ಲ. ಅದು ಹಸಿವಿನ, ಬಯಕೆಯ ಬಗೆಗಿನ ಶಿಲ್ಪ. ಅಡುಗೆ ಮಾಡಿದವಳ ಬಗೆಗಿನದೆಂದು ನಾವು ಓದಿಕೊಳ್ಳಬಾರದು.

ಇನ್ನು ಬೇರು ಬಿಟ್ಟ ಹೆಣ್ಣು. ನಿಮ್ಮ ಅನುಮಾನ ನನಗೂ ಇದೆ. ಹೆಣ್ಣು ಭೂಮಿತಾಯಿ, ಕ್ಷಮಯಾ ಧರಿತ್ರಿ ಎಂದು ಹೊಗಳುವವರು ಸಾಮಾನ್ಯವಾಗಿ ಅವಳು ತುಳಿಸಿಕೊಳ್ಳಲಿ ಎಂಬುದನ್ನೂ ಸೇರಿಸಿಯೇ ಹೇಳಿರುತ್ತಾರೆ. ಹೊಟ್ಟೆಯಿಂದ ಬೇರು, ತಲೆಯಿಂದ ಕೊಂಬೆ, ಕೂದಲಿನಿಂದ ನದಿ ಇಂಥವು ಈಗ ಪ್ರತಿ ಪ್ರದರ್ಶನದಲ್ಲಿಯೂ ಕಾಣುತ್ತವೆ. ಇವುಗಳಲ್ಲಿ ಹೆಚ್ಚಿನವು ಹೋಲಿಕೆಯನ್ನು ಮಣ್ಣಿಗೆ ಭಾಷಾಂತರಿಸಿದವು, ಅಷ್ಟೇ. ಮಣ್ಣು ಇಲ್ಲಿ ಏನನ್ನೂ ಹೇಳಿಲ್ಲ, ಶೀರ್ಷಿಕೆ ಹೇಳಿದ್ದನ್ನು ಹೊತ್ತು ಕುಳಿತಿದೆ.

ಮಣ್ಣು ತಾನಾಗಿ ಮಾತಾಡುವುದನ್ನು ನಾನು ಒಮ್ಮೆ ಕೇಳಿಸಿಕೊಂಡಿದ್ದೇನೆ. ವಿದ್ಯಾರ್ಥಿನಿಯಾಗಿದ್ದಾಗ ‘ಭೂಮಿ’ ಎಂಬ ಆಳೆತ್ತರದ ಹೆಣ್ಣನ್ನು ನಮ್ಮ ಹೊಲದ ಎರೆಮಣ್ಣಿನಲ್ಲಿಯೇ ಮಾಡಬೇಕೆಂಬ ಹಟಕ್ಕೆ ಬಿದ್ದು, ಹದಿನೈದು ದಿನ ದುಡಿದು ನಿಲ್ಲಿಸಿದೆ. ಮೂರನೆಯ ದಿನಕ್ಕೆ ಭುಜದಿಂದ ತೊಡೆಯವರೆಗೆ ಬಿರುಕು ಬಿಟ್ಟಿತು, ಐದನೆಯ ದಿನ ಒಂದು ಕೈ ಕಳಚಿ ಬಿತ್ತು. ಎರೆಮಣ್ಣಿನ ಜೇಡಿಯ ಕಣಗಳು ನೀರು ಹೀರಿ ಉಬ್ಬುತ್ತವೆ, ಒಣಗಿದಾಗ ಅಷ್ಟೇ ಕುಗ್ಗುತ್ತವೆ. ಬೇಸಿಗೆಯಲ್ಲಿ ನಮ್ಮ ಹೊಲಗಳು ಕಾಲು ಸಿಕ್ಕುವಷ್ಟು ಬಾಯಿ ಬಿಡುವುದು ಇದರಿಂದಲೇ. ನೋಡಲು ಬಂದ ಕುಂಬಾರಗೇರಿಯ ಅಜ್ಜಿ, ‘ಏನಬೇ ಯವ್ವಾ, ಎರಿಮಣ್ಣ ಉಣ್ಣಾಕ ಕೊಡತೈತಿ, ನಿಂದರಾಕ ಒಲ್ಲೆ ಅಂತೈತಿ. ಕೆರಿ ಮಣ್ಣ ತಾ, ಬೂದಿ ಕಲಸು’ ಎಂದಳು. ಜೋಳ ಬೆಳೆಯುವ ಮಣ್ಣು ಮೂರ್ತಿಯಾಗಲು ಒಪ್ಪುವುದಿಲ್ಲ ಎಂಬುದು ನನ್ನ ‘ಭೂಮಿ’ಗಿಂತ ಎಷ್ಟೋ ಒಳ್ಳೆಯ ಶಿಲ್ಪದ ವಿಷಯವಾಗಿತ್ತು. ಅಂದು ಅದು ನನಗೆ ಹೊಳೆಯದೆ, ಬಿದ್ದ ಕೈಯನ್ನು ಪ್ಲಾಸ್ಟರಿನಿಂದ ಅಂಟಿಸಿ ಅಂಕ ಪಡೆದೆ.

ಹೆಣ್ಣು ಮತ್ತು ಪ್ರಕೃತಿಯನ್ನು ಒಂದು ಮಾಡಿದ ಅತ್ಯಂತ ಗಟ್ಟಿಯಾದ ಶಿಲ್ಪ ನಿಮ್ಮ ಊರಿನಿಂದ ಅರ್ಧ ದಿನದ ಪ್ರಯಾಣದಲ್ಲಿಯೇ ಇದೆ. ನಾಗನಾಥಕೊಳ್ಳದಿಂದ ತಂದ, ಸುಮಾರು 7ನೆಯ ಶತಮಾನದ ಲಜ್ಜಾಗೌರಿ ಬಾದಾಮಿಯ ಪುರಾತತ್ತ್ವ ಸಂಗ್ರಹಾಲಯದಲ್ಲಿದ್ದಾಳೆ. ಹೆರಿಗೆಗೆ ಕುಳಿತವಳಂತೆ ಮೊಣಕಾಲು ಮಡಿಸಿ ತೊಡೆ ಅಗಲಿಸಿದ ತುಂಬಿದ ಮೈ. ತಲೆಯಿರಬೇಕಾದ ಕಡೆ ಅರಳಿದ ತಾವರೆ. ಅವಳಲ್ಲಿ ಲಜ್ಜೆಯ ಸುಳಿವೂ ಇಲ್ಲ, ಲಜ್ಜೆ ಹೆಸರಿಟ್ಟವರದು. ಮಕ್ಕಳಾಗಲೆಂದು ಹೆಣ್ಣುಮಕ್ಕಳು ಇಂಥ ಮೂರ್ತಿಗಳಿಗೆ ಬೆಣ್ಣೆ, ಕುಂಕುಮ ಹಚ್ಚಿ ಬೇಡಿಕೊಂಡ ರೂಢಿಯಿದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಅದರೆದುರು ನಿಂತು, ‘ಮುಖಾನ ಇಲ್ಲಲ್ರಿ ಮೇಡಂ, ಇಕಿ ಯಾರು ಅಂತ ಹೆಂಗ ಗೊತ್ತಾಗಬೇಕು?’ ಎಂದು ಕೇಳಿದ್ದಳು. ಇಂದಿನ ಮಹಿಳಾ ಶಿಲ್ಪಿಗಳ ಅರ್ಧ ಕೆಲಸ ಆ ಪ್ರಶ್ನೆಯಿಂದಲೇ ಹೊರಟಿದೆ. ತಾವರೆ ಅವಳನ್ನು ದೇವತೆಯಾಗಿಸಿತು, ಅದರ ಜೊತೆಗೇ ಅವಳ ಮುಖವನ್ನು ತೆಗೆದುಕೊಂಡಿತು. ಎರಡೂ ನಿಜ, ಒಂದಕ್ಕಾಗಿ ಇನ್ನೊಂದನ್ನು ನಾನು ಬಿಟ್ಟುಕೊಡಲಾರೆ.

ಈ ತೊಡಕಿನಿಂದ ಪಾರಾಗುವ ಇನ್ನೊಂದು ಬಗೆಯೆಂದರೆ ಹೆಣ್ಣಿನ ಆಕೃತಿಯನ್ನೇ ಬಿಟ್ಟು ಪ್ರಕೃತಿಯ ಜೊತೆ ಕೆಲಸ ಮಾಡುವುದು. 1977ರಲ್ಲಿ ಹುಟ್ಟಿದ, ಮಲೆನಾಡಿನಲ್ಲಿ ನೆಲೆಸಿರುವ ರಂಜನಿ ಶೆಟ್ಟರ್ ಅವರು ಜೇನುಮೇಣ, ಮರ, ದಾರ, ತೆಳು ಅರಿವೆ, ಹುಣಸೆಬೀಜದ ಅಂಟುಗಳಿಂದ ಗಾಳಿಯಲ್ಲಿ ತೇಲುವಂಥ ಆಕಾರಗಳನ್ನು ಮಾಡುತ್ತಾರೆ. 2023ರಲ್ಲಿ ಲಂಡನ್ನಿನ ಬಾರ್ಬಿಕನ್ ಕಲಾಕೇಂದ್ರದ ಗಾಜಿನ ಸಸ್ಯಗೃಹದಲ್ಲಿ ಗಿಡಗಳ ನಡುವೆಯೇ ಅವನ್ನು ತೂಗುಬಿಟ್ಟಿದ್ದರು. ಹುಣಸೆಬೀಜದ ಅಂಟು ನಿಮಗೆ ಹೊಸದಲ್ಲ, ನಿಮ್ಮೂರಿಗೆ ದೂರವಲ್ಲದ ಕಿನ್ನಾಳದ ಗೊಂಬೆಗಳಲ್ಲಿಯೂ ಅದೇ ಇದೆ.

ಬೆಳಗಾವಿಯ ಆ ಬೀಸುವ ಕಲ್ಲನ್ನು ನಾನು ನೋಡಿಲ್ಲವಾದ್ದರಿಂದ ತೀರ್ಪು ಕೊಡಲಾರೆ. ಆದರೆ ಮತ್ತೆ ಹೋಗುವುದಾದರೆ ಎರಡನ್ನು ಗಮನಿಸಿ. ಸೀರೆಯ ಹಗ್ಗ ಕಲ್ಲಿನ ಬಾಯಿಂದ ಸುಮ್ಮನೆ ಇಣುಕುತ್ತಿದೆಯೋ, ಅದರ ಎಳೆತಕ್ಕೆ ಕಲ್ಲಿನ ಭಾರ ನಿಜವಾಗಿ ಆಸರೆಯಾಗಿದೆಯೋ ನೋಡಿ. ಆಸರೆಯಾಗಿದ್ದರೆ ಶಿಲ್ಪಿಗೆ ತನ್ನ ಕಸುಬು ಗೊತ್ತು. ಗೂಟದ ಹಿಡಿ ಕೈತಾಗಿ ನುಣುಪಾಗಿದ್ದು, ಅದು ಕಾಣುವಂತೆ ಬೆಳಕು ಬಿಟ್ಟಿದ್ದರೆ ಅತ್ತೆಯವರ ದೀಪದ ಪ್ರಶ್ನೆಗೆ ಅಲ್ಲಿಯೇ ಉತ್ತರವಿದೆ. ಕಲ್ಲಿಗೆ ಎಣ್ಣೆ ಹಚ್ಚಿ ಹೊಳಪಿಸಿ ಇಟ್ಟಿದ್ದರೆ ಅತ್ತೆಯವರ ಪಕ್ಷಕ್ಕೆ ನಾನೂ ಸೇರುತ್ತೇನೆ.

ಕೌದಿಯ ವಿಷಯ. ಗೋಡೆಗೆ ಹಾಕಿದ ಮಾತ್ರಕ್ಕೆ ಕೌದಿ ಶಿಲ್ಪವಾಗದು, ಆಗಬೇಕಾದ ಅಗತ್ಯವೂ ಅದಕ್ಕಿಲ್ಲ. ಹೊದ್ದವರ ಮೈಯ ಆಕಾರ ತಾಳುವುದು, ಮಡಿಸಿಟ್ಟರೆ ದಿಂಬಾಗುವುದು, ಮಕ್ಕಳು ಬಿಟ್ಟೆದ್ದ ಮುಂಜಾನೆ ಹಾಸಿಗೆಯ ಮೇಲೆ ಗುಡ್ಡ-ಕಣಿವೆಯಾಗಿ ನಿಲ್ಲುವುದು ಇವೆಲ್ಲ ಅದು ಹೊದಿಕೆಯಾಗಿದ್ದಾಗಲೇ ಮಾಡುವ ಶಿಲ್ಪದ ಕೆಲಸಗಳು. ಗೋಡೆಗೆ ಹೋದರೆ ಅದು ಚಿತ್ರವಾಗಿಬಿಡುತ್ತದೆ. ಆದರೂ ತೂಗುಹಾಕಲೇಬೇಕೆಂದಿದ್ದರೆ ಎರಡು ಮೂಲೆಗೆ ಮೊಳೆ ಹೊಡೆಯಬೇಡಿ, ಭಾರಕ್ಕೆ ಹೊಲಿಗೆ ಹಿಂಜುತ್ತದೆ. ಮೇಲಂಚಿನ ಹಿಂದೆ ಉದ್ದಕ್ಕೂ ಅರಿವೆಯ ನೇಫೆ ಹೊಲಿದು ಅದರಲ್ಲಿ ಕೋಲು ತೂರಿಸಿ, ಬಿಸಿಲು ನೇರ ಬೀಳದ ಗೋಡೆ ಆರಿಸಿಕೊಳ್ಳಿ. ಅದಕ್ಕೂ ಮೊದಲು ಕೌದಿಯನ್ನು ನೆಲದ ಮೇಲೆ ಮಗುಚಿ ಹಾಸಿ, ಅತ್ತೆಯವರನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಯಾವ ತುಂಡು ಯಾರ ಸೀರೆಯದು, ಯಾವುದು ಗುಳೇದಗುಡ್ಡದ ಖಣ, ಯಾವುದು ಇಳಕಲ್ ಸೀರೆಯ ಟೋಪ್‌ತೆನಿ ಸೆರಗು, ಯಾರ ಬಾಣಂತನಕ್ಕೆ ಹೊಲಿದದ್ದು ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕೆಳಗೆ ಹೊಲಿದವರ ಪೂರ್ಣ ಹೆಸರನ್ನು ಅವರ ಕೈಯಿಂದಲೇ ಬರೆಸಿ.